ಕಿವಿಗೆ ಬರುವ ಕರೆಂಟು

ದೇವಬಾಗ
೯ ಸೆಪ್ಟೆಂಬರ್ ೨೦೨೪

ಗುರು,

ನಾನು ಕಾಗದ ಬರೆಯುವವನಲ್ಲ, ನಿನಗೆ ಗೊತ್ತು. ಏಳನೇ ಇಯತ್ತೆ ಬಿಟ್ಟ ಮೇಲೆ ಬರೆದದ್ದೆಂದರೆ ಮೀನುಗಾರರ ಸಂಘದ ರಿಜಿಸ್ಟರಿನಲ್ಲಿ ಸಹಿ ಮಾತ್ರ. ಆದರೆ ಫೋನು ಮಾಡಿದರೆ ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ಬರೆಯೋಣವೆಂದರೆ ಅಕ್ಷರ ಒತ್ತಲು ಬರುವುದಿಲ್ಲ. ಪಕ್ಕದ ಮನೆಯವರ ಕೈಗೆ ಕೊಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ರಾಮಾ ತಾಂಡೇಲನ ಕಿವಿ ಹೋಗಿದೆ ಎಂಬುದು ಈಗ ನನಗೆ, ಹೆಂಡತಿ ಲತಾಳಿಗೆ, ಮಗ ರೋಷನನಿಗೆ ಮತ್ತು ನಿನಗೆ ಗೊತ್ತು. ಅಷ್ಟು ಜನ ಸಾಕು.

ಮೂವತ್ತು ವರ್ಷ ಬೋಟಿನ ಎಂಜಿನ್ನಿನ ಪಕ್ಕ ನಿಂತವನ ಕಿವಿ ಉಳಿಯುವುದೆಲ್ಲಿ. ಸಮುದ್ರ ಬಿಟ್ಟ ಮೇಲೆ ದಡದ ವಾಯರ್‌ಲೆಸ್ ಸೆಟ್ಟನ್ನು ಸಂಘದವರು ನನ್ನ ಮನೆಯಲ್ಲೇ ಇಟ್ಟರು. ದಿನಾ ಸಂಜೆ ಆರಕ್ಕೆ ಬೋಟುಗಳ ಜೊತೆ ಮಾತು. ಗಾಳಿ ಹೇಗಿದೆ, ಯಾರ ಬಲೆಗೆ ಏನು ಬಿತ್ತು, ಯಾರು ಯಾವಾಗ ದಡಕ್ಕೆ. ಕಿವಿಯ ಸುದ್ದಿ ತಿಳಿದರೆ ಸೆಟ್ಟು ಹೊತ್ತುಕೊಂಡು ಹೋಗುತ್ತಾರೆ. ಆಮೇಲೆ ನಾನು ಜಗಲಿಯ ಮೇಲೆ ಕೂತು ಹರಕು ಬಲೆ ಹೊಲಿಯಬೇಕು.

ನೀನು ಮಾಡಿಕೊಟ್ಟ ಆಂಪ್ಲಿಫೈಯರ್ ಚೆನ್ನಾಗಿದೆ. ಸೆಟ್ಟಿನ ದನಿಯನ್ನು ದೊಡ್ಡದು ಮಾಡಿ ಹೆಡ್‌ಫೋನಿಗೆ ಕೊಡುತ್ತದೆ, ಬೋಟಿನವರು ಕೆಮ್ಮಿದರೂ ಕೇಳುತ್ತದೆ. ಆದರೆ ಅದಕ್ಕೆ ಕರೆಂಟು ಕೊಡುವ ಡಬ್ಬಿ ಆಗಸ್ಟಿನ ಸಿಡಿಲಿಗೆ ಸುಟ್ಟುಹೋಯಿತು. ರೋಷನ ಹಳೆಯ ಫ್ರಿಜ್ಜಿನ ಸ್ಟೆಬಿಲೈಸರ್ ಬಿಚ್ಚಿ, ಅದರ ಕಾಯಿಲ್ ತೆಗೆದು ಬೇರೆ ಡಬ್ಬಿ ಮಾಡಿಕೊಟ್ಟ. ನಿನ್ನದಕ್ಕಿಂತ ಒಳ್ಳೆಯದೇ. ಒಂದೇ ತಕರಾರು. ನೆಲ ಒದ್ದೆಯಾದ ದಿನ ಬರಿಗಾಲಲ್ಲಿ ಕೂತರೆ ಕಿವಿಯ ಹಾಲೆಗೆ ಕೆಂಪಿರುವೆ ಕಚ್ಚಿದ ಹಾಗೆ ಆಗುತ್ತದೆ. ಎರಡು ಪಿನ್ನಿನ ಪ್ಲಗ್ಗು, ತಿರುಗಿಸಿ ಹಾಕಿದರೆ ನಿಲ್ಲುತ್ತದೆ. ಯಾವ ಕಡೆ ಮೇಲೆ ಬರಬೇಕೆಂದು ರೋಷನ ಕೆಂಪು ಬಣ್ಣ ಹಚ್ಚಿಟ್ಟಿದ್ದಾನೆ.

ಇದಕ್ಕೆ ಏನಾದರೂ ಮಾಡಬೇಕೋ, ಚಪ್ಪಲಿ ಹಾಕಿಕೊಂಡು ಕೂತರೆ ಸಾಕೋ, ಬರೆ.

ರಾಮಾ ತಾಂಡೇಲ


ಅಂಕೋಲಾ
೧೨ ಸೆಪ್ಟೆಂಬರ್ ೨೦೨೪

ರಾಮಣ್ಣನವರಿಗೆ,

ಈ ಕಾಗದ ಕೈಗೆ ಬಂದ ಕೂಡಲೇ ಹೋಗಿ ಆ ಪ್ಲಗ್ಗು ಕೀಳಿ. ಉಳಿದದ್ದನ್ನು ಆಮೇಲೆ ಓದಿ.

ಕಿತ್ತಿರಾ? ಈಗ ಕತ್ತರಿ ತೆಗೆದುಕೊಂಡು ಡಬ್ಬಿಯ ವಾಯರನ್ನೂ ತುಂಡು ಮಾಡಿ. ಬರೀ ಕಿತ್ತಿಟ್ಟರೆ ನಾಳೆ ಸಂಜೆ ಆರು ಗಂಟೆಗೆ ನೀವು ಮತ್ತೆ ಹಾಕುತ್ತೀರಿ, ನಿಮ್ಮನ್ನು ನಾನು ಬಲ್ಲೆ.

ರೋಷನ ಜಾಣ, ಕೈಗುಣ ಒಳ್ಳೆಯದು. ಆದರೆ ಸ್ಟೆಬಿಲೈಸರಿನ ಕಾಯಿಲ್ ಈ ಕೆಲಸಕ್ಕೆ ಆಗುವುದಿಲ್ಲ. ಅದರಲ್ಲಿರುವುದು ಒಂದೇ ಸುತ್ತು. ಕಂಬದಿಂದ ಮನೆಗೆ ಬಂದ ಅದೇ ತಂತಿಯ ಒಂದು ಮಗ್ಗುಲಿನಿಂದ ನಿಮ್ಮ ಕಿವಿಗೆ ಕರೆಂಟು ಹೋಗುತ್ತಿದೆ. ಪ್ಲಗ್ಗು ಒಂದು ಕಡೆಯಾದರೆ ಸುಮ್ಮನಿರುತ್ತದೆ. ಇನ್ನೊಂದು ಕಡೆಯಾದರೆ ಇನ್ನೂರ ಮೂವತ್ತು ವೋಲ್ಟು ಹೆಡ್‌ಫೋನಿನ ತಂತಿಗೇ ಬಂದು ಕೂರುತ್ತದೆ. ಇರುವೆ ಕಚ್ಚಿದ್ದು ಅದೇ. ನೆಲ ಇನ್ನಷ್ಟು ಒದ್ದೆಯಾಗಿದ್ದರೆ ಈ ಕಾಗದ ಓದಲು ನೀವಿರುತ್ತಿರಲಿಲ್ಲ. ಸರಿಯಾದ ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುತ್ತು ಬೇರೆ ಬೇರೆ ಇರಬೇಕು. ಒಂದು ಮನೆಯ ಕರೆಂಟಿಗೆ, ಇನ್ನೊಂದು ಕಿವಿಗೆ. ಎರಡಕ್ಕೂ ತಂತಿಯ ಸಂಬಂಧ ಇರಬಾರದು.

ನಾನು ಇಷ್ಟು ಗಾಬರಿಯಾಗುವುದೇಕೆ ಎಂದು ನೀವು ಕೇಳಬಹುದು. ನನ್ನ ತಮ್ಮ ರೂಪೇಶ ಕರೆಂಟು ಹೊಡೆದು ಹೋದ ಎಂದಷ್ಟೇ ಕಾರವಾರದಲ್ಲಿ ಗೊತ್ತು. ನನ್ನ ರಿಪೇರಿ ಅಂಗಡಿಯಲ್ಲಿ ಒಂದು ಸೆಟ್ಟು ಪರೀಕ್ಷೆ ಮಾಡುತ್ತ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. ಜೂನ್ ತಿಂಗಳು, ನೆಲದ ಸಿಮೆಂಟು ಬೆವರುತ್ತಿತ್ತು. ಆ ಸೆಟ್ಟಿಗೆ ಕರೆಂಟು ಕೊಡುತ್ತಿದ್ದ ಡಬ್ಬಿ ನಾನು ಮಾಡಿದ್ದು, ಒಂದೇ ಸುತ್ತಿನ ಕಾಯಿಲ್ ಹಾಕಿ. ಬೇರೆಯದು ಆವತ್ತು ಅಂಗಡಿಯಲ್ಲಿರಲಿಲ್ಲ. ಅವ್ವನಿಗೂ ನಾನು ಇದನ್ನು ಹೇಳಿಲ್ಲ. ಅದಾದ ಮೇಲೆ ಕಾರವಾರದ ಅಂಗಡಿ ಮುಚ್ಚಿ ಇಲ್ಲಿಗೆ ಬಂದೆ.

ಎಂಟು ದಿನ ಕೊಡಿ. ಹುಬ್ಬಳ್ಳಿಯಲ್ಲಿ ಸುತ್ತಿಸಿ ಒಳ್ಳೆಯದೊಂದನ್ನು ಕಳಿಸುತ್ತೇನೆ.

ನಿಮ್ಮ
ಗುರುಪ್ರಸಾದ


ದೇವಬಾಗ
೧೭ ಸೆಪ್ಟೆಂಬರ್ ೨೦೨೪

ಗುರು,

ವಾಯರ್ ತುಂಡು ಮಾಡಿದೆ. ರೋಷನ ಬೋಟಿಗೆ ಹೊರಡುವ ಮುಂಚೆ ನೋಡಿ ನಕ್ಕ. ಅಷ್ಟು ಕಷ್ಟಪಟ್ಟು ಮಾಡಿಕೊಟ್ಟದ್ದನ್ನು ಗುರುಮಾಮನ ಒಂದು ಕಾಗದಕ್ಕೆ ಕತ್ತರಿಸಿದಿರಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದ. ನನಗೂ ಕೆಟ್ಟೆನಿಸಿತು. ನಿನ್ನ ತಮ್ಮನ ಸುದ್ದಿ ಓದಿದ ಮೇಲೆ ಬೇರೆ ದಾರಿ ಇರಲಿಲ್ಲ. ಆ ಮಾತು ನನ್ನ ಹತ್ತಿರವೇ ಇರುತ್ತದೆ.

ಈಗ ನನ್ನ ಅವಸ್ಥೆ ಕೇಳು. ಸಂಜೆ ಆರಕ್ಕೆ ಸೆಟ್ಟಿನ ಮುಂದೆ ಕೂತು ಬಟನ್ ಒತ್ತಿ ಮಾತಾಡುತ್ತೇನೆ. ನಾನು ಹೇಳುವುದು ಅವರಿಗೆ ಹೋಗುತ್ತದೆ, ಅವರು ಹೇಳುವುದು ನನಗೆ ಬರುವುದಿಲ್ಲ. ಬಟನ್ ಬಿಟ್ಟಾಗ ಸೆಟ್ಟಿನ ಮೇಲೆ ಹಸಿರು ದೀಪ ಹತ್ತಿದರೆ ಯಾರೋ ಮಾತಾಡಿದರು ಎಂದು ಲೆಕ್ಕ. ಆಗ ‘ಸರಿ ಸರಿ, ಹಾಂಗೇ ಮಾಡು’ ಎನ್ನುತ್ತೇನೆ. ಇಷ್ಟು ದಿನ ಯಾರಿಗೂ ಸಂಶಯ ಬಂದಿಲ್ಲ. ಬೋಟು ನಡೆಸುವ ತಾಂಡೇಲರು ಎದುರಿನವನ ಮಾತು ಕೇಳಿಸಿಕೊಳ್ಳುವುದು ಮೊದಲಿಂದಲೂ ಅಷ್ಟಕ್ಕಷ್ಟೆ.

ಲತಾ ಇದ್ದರೆ ಕೈ ಸನ್ನೆ ಮಾಡಿಯಾಳು. ಆದರೆ ಅವಳು ಮೀನು ಮಾರಲು ಕಾರವಾರ ಪೇಟೆಗೆ ಹೋದವಳು ಬರುವಾಗ ಏಳೂವರೆ. ಆರು ಗಂಟೆಗೆ ಈ ಮನೆಯಲ್ಲಿ ಕಿವಿಯೇ ಇಲ್ಲ.

ಒಂದು ಯೋಚನೆ ಬಂತು. ನಿನ್ನ ಆಂಪ್ಲಿಫೈಯರ್ ಪೆಟ್ಟಿಗೆಗೆ ಬೇಕಾದದ್ದು ಇಪ್ಪತ್ನಾಲ್ಕು ವೋಲ್ಟು ಎಂದು ನೀನೇ ಹೇಳಿದ್ದೆ. ಬೋಟಿನ ಬ್ಯಾಟರಿ ಹನ್ನೆರಡು. ಎರಡು ಬ್ಯಾಟರಿ ಜೋಡಿಸಿದರೆ ಆಯಿತಲ್ಲ. ಮನೆಯ ಹಿಂದೆ ಮೂರು ಬಿದ್ದಿವೆ, ಚಾರ್ಜರೂ ಇದೆ. ಕೂಡಲೇ ಬರೆ.

ರಾಮಾ


ಅಂಕೋಲಾ
೨೩ ಸೆಪ್ಟೆಂಬರ್ ೨೦೨೪

ರಾಮಣ್ಣನವರಿಗೆ,

ಬ್ಯಾಟರಿ ಬೇಡ. ಖಂಡಿತ ಬೇಡ. ಚಾರ್ಜರ್ ಹಚ್ಚಿರುವಾಗ ಬ್ಯಾಟರಿ ಎಂದರೆ ಬ್ಯಾಟರಿ ಅಲ್ಲ, ಅದೂ ಗೋಡೆಯ ಕರೆಂಟೇ. ಬೋಟಿನವರು ಬಳಸುವ ಚಾರ್ಜರುಗಳ ಒಳಗೆ ಏನಿರುತ್ತದೆ ಎಂದು ನಾನು ನೋಡಿದ್ದೇನೆ. ಹೆಡ್‌ಫೋನ್ ಹಾಕಿಕೊಳ್ಳುವ ಮುಂಚೆ ಚಾರ್ಜರ್ ಕೀಳಿ ಎಂದು ಬರೆದರೆ ನೀವು ಹತ್ತು ದಿನ ಕೀಳುತ್ತೀರಿ, ಹನ್ನೊಂದನೇ ದಿನ ಮರೆಯುತ್ತೀರಿ.

ಪೇಟೆಯಲ್ಲಿ ಸಿಗುವ ಅಡಾಪ್ಟರುಗಳನ್ನೂ ನೋಡಿದೆ. ನಾಲ್ಕು ತಂದು ಬಿಚ್ಚಿದೆ. ಎರಡರಲ್ಲಿ ಆಚೆ ಕಡೆಗೂ ಈಚೆ ಕಡೆಗೂ ಅಕ್ಕಿಕಾಳಿನಷ್ಟು ಅಂತರವಿಲ್ಲ. ದೇವಬಾಗದ ಉಪ್ಪುಗಾಳಿಗೆ ಒಂದೇ ಮಳೆಗಾಲದಲ್ಲಿ ಅಲ್ಲಿ ಹಸಿರು ಕಟ್ಟಿ ಕರೆಂಟು ದಾಟುತ್ತದೆ. ಇನ್ನೆರಡು ಚೆನ್ನಾಗಿ ಕಂಡವು, ಆದರೆ ಅವು ಎಷ್ಟು ವರ್ಷ ಹಾಗೇ ಇರುತ್ತವೆ ಎಂದು ಯಾರನ್ನು ಕೇಳಲಿ.

ಹುಬ್ಬಳ್ಳಿಯಿಂದ ಟ್ರಾನ್ಸ್‌ಫಾರ್ಮರ್ ಬಂತು. ಎರಡು ಸುತ್ತುಗಳ ನಡುವೆ ಸೋರಿಕೆ ಇದೆಯೇ ಎಂದು ಅಳೆದೆ. ಇತ್ತು, ಸ್ವಲ್ಪ. ಬೇರೆ ಯಾರಾದರೂ ಆಗಿದ್ದರೆ ನಡೆಯುತ್ತದೆ ಎನ್ನುತ್ತಿದ್ದರು. ನಾನು ವಾಪಸು ಕಳಿಸಿದೆ. ದಪ್ಪ ಕಾಗದ ಹಾಕಿ ಮತ್ತೊಮ್ಮೆ ಸುತ್ತಲು ಹೇಳಿದ್ದೇನೆ. ದಯವಿಟ್ಟು ತಾಳಿಕೊಳ್ಳಿ.

ಗುರುಪ್ರಸಾದ


ದೇವಬಾಗ
೫ ಅಕ್ಟೋಬರ್ ೨೦೨೪

ಗುರು,

ನಿನ್ನ ಎಂಟು ದಿನ ಎಷ್ಟು ದಿನದ್ದು?

ನಿನ್ನೆ ಕಾಶಿ ತಾಂಡೇಲ ಮನೆಗೆ ಬಂದಿದ್ದ. ಸಂಘದ ಕೆಲಸವನ್ನೂ ನೋಡುತ್ತಾನೆ, ತನ್ನ ಬೋಟನ್ನೂ ನಡೆಸುತ್ತಾನೆ. ಬಾಗಿಲಲ್ಲಿ ನಿಂತು ಏನೋ ಕೇಳಿದ. ನಾನು ಎಂದಿನಂತೆ ‘ಹೌದು ಮಾರಾಯ’ ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಏನು ಕೇಳಿದನೋ, ಯಾವುದಕ್ಕೆ ಹೌದು ಎಂದೆನೋ ಆ ದೇವರಿಗೇ ಗೊತ್ತು. ಲತಾ ಒಳಗಿಂದ ಓಡಿಬಂದು ಏನೋ ಹೇಳಿ ಕಳಿಸಿದಳು.

ರೋಷನ ಸಮುದ್ರದಲ್ಲಿದ್ದಾನೆ, ನಾಲ್ಕು ದಿನದ ಫೇರಿ. ನನಗೆ ಹಿಂದೆಲ್ಲ ಅವನ ದನಿಯಲ್ಲೇ ತಿಳಿಯುತ್ತಿತ್ತು. ಬಲೆ ತುಂಬಿದ್ದರೆ ಮಾತು ಗಿಡ್ಡ, ಖಾಲಿಯಾಗಿದ್ದರೆ ಊರ ಪಂಚಾಯತಿ ಎಲ್ಲ ಮಾತಾಡುತ್ತಾನೆ. ಈಗ ಹಸಿರು ದೀಪ ಒಂದೇ. ಅದು ತುಂಬಿದ ಬಲೆಗೂ ಹತ್ತುತ್ತದೆ, ಖಾಲಿ ಬಲೆಗೂ ಹತ್ತುತ್ತದೆ. ಮಗನ ಜೊತೆ ಮಾತಾಡುತ್ತಿದ್ದೇನೋ ದೀಪದ ಜೊತೆಯೋ ತಿಳಿಯದಾಗಿದೆ.

ನನಗೆ ನೂರು ವರ್ಷ ಬಾಳಿಕೆ ಬರುವುದು ಬೇಡ ಗುರು. ಹೇಗಿದೆಯೋ ಹಾಗೇ ಕಳಿಸು. ಚಪ್ಪಲಿ ಹಾಕಿಕೊಳ್ಳುತ್ತೇನೆ, ಮರದ ಮಣೆಯ ಮೇಲೆ ಕೂರುತ್ತೇನೆ, ನೀನು ಹೇಳಿದ ಹಾಗೆ ಮಾಡುತ್ತೇನೆ.

ರಾಮಾ


ಅಂಕೋಲಾ
೧೪ ಅಕ್ಟೋಬರ್ ೨೦೨೪

ರಾಮಣ್ಣನವರಿಗೆ,

ಎರಡನೇ ಟ್ರಾನ್ಸ್‌ಫಾರ್ಮರ್ ಬಂದಿದೆ. ಒಂಬತ್ತನೇ ತಾರೀಖಿಗೇ ಬಂತು, ಆದರೆ ಆಯುಧಪೂಜೆಗೆ ಸಾಮಾನನ್ನೆಲ್ಲ ಪೂಜೆಗಿಟ್ಟಿದ್ದರಿಂದ ಎರಡು ದಿನ ಕೈ ಹಚ್ಚಲಿಲ್ಲ. ಈಗ ಡಬ್ಬಿಗೆ ಕೂರಿಸಿ ಫ್ಯೂಸ್ ಹಾಕಿದ್ದೇನೆ. ಸೋರಿಕೆ ಎಳ್ಳಷ್ಟೂ ಇಲ್ಲ. ಇಂದಿನಿಂದ ಮೂರು ದಿನ, ನೆಲದ ಮೇಲೆ ನೀರು ಚೆಲ್ಲಿಕೊಂಡು ಬರಿಗಾಲಲ್ಲಿ ಕೂತು, ನನ್ನ ಕಿವಿಗೇ ಹಾಕಿಕೊಂಡು ನೋಡುತ್ತೇನೆ. ಹದಿನೇಳರಂದು ಕೊರಿಯರಿಗೆ ಕೊಡುತ್ತೇನೆ. ಹದಿನೆಂಟಕ್ಕೆ ನಿಮ್ಮ ಕೈಯಲ್ಲಿರುತ್ತದೆ.

ಇನ್ನು ನಾಲ್ಕು ದಿನ, ರಾಮಣ್ಣ. ರೋಷನ ಏನು ಹೇಳುತ್ತಾನೆ ಎಂದು ಹದಿನೆಂಟರ ಸಂಜೆ ನನಗೆ ಬರೆಯಿರಿ.

ಗುರುಪ್ರಸಾದ


ಅಂಕೋಲಾ
೨೪ ಅಕ್ಟೋಬರ್ ೨೦೨೪

ರಾಮಣ್ಣನವರಿಗೆ,

ಹದಿನೇಳರ ಬೆಳಿಗ್ಗೆ ಪಾರ್ಸೆಲ್ ಕೊಟ್ಟು ಅಂಗಡಿಗೆ ಬಂದು ಪೇಪರು ಬಿಡಿಸಿದೆ. ದೇವಗಡ ದ್ವೀಪದ ಆಚೆ ಬೋಟು ಮುಳುಗಿತು, ಬೋಟಿನ ಆಳುಗಳಾದ ಮೂವರು ಖಲಾಶಿಗಳನ್ನು ಎತ್ತಿದರು, ತಾಂಡೇಲ ಸಿಗಲಿಲ್ಲ ಎಂದಿತ್ತು. ಹೆಸರು ಓದಿದೆ, ರೋಷನನದು.

ಹತ್ತೊಂಬತ್ತರಂದು ದೇವಬಾಗಕ್ಕೆ ಬಂದಿದ್ದೆ. ಅಂಗಳದಲ್ಲಿ ಜನ ಇದ್ದರು. ನೀವು ಕಂಬಕ್ಕೆ ಒರಗಿ ಕೂತಿದ್ದಿರಿ. ತೆಂಗಿನ ಮರದ ಹತ್ತಿರ ಸ್ವಲ್ಪ ಹೊತ್ತು ನಿಂತು, ನಿಮ್ಮ ಮುಂದೆ ಬರುವ ಧೈರ್ಯವಾಗದೆ ವಾಪಸು ಹೋದೆ.

ಗುರುಪ್ರಸಾದ


ದೇವಬಾಗ
೧೧ ನವೆಂಬರ್ ೨೦೨೪

ಗುರು,

ನೀನು ಬಂದು ನಿಂತದ್ದನ್ನು ನೋಡಿದ್ದೆ. ಹತ್ತಿರ ಬಂದಿದ್ದರೂ ನೀನು ಹೇಳುವುದು ನನಗೆ ಕೇಳುತ್ತಿರಲಿಲ್ಲ. ಹೋದದ್ದೇ ಒಳ್ಳೆಯದಾಯಿತು.

ಪಾರ್ಸೆಲ್ ಹದಿನೆಂಟಕ್ಕೆ ಬಂತು. ನೀನು ಹೇಳಿದ ದಿನಕ್ಕೇ ಬಂತು.

ಈಗ ಬರೆಯುವುದನ್ನು ನಿನಗೆ ಬಿಟ್ಟು ಯಾರಿಗೂ ಬರೆಯಲಾರೆ. ಹದಿನಾರರ ಸಂಜೆ ಆರಕ್ಕೆ ಸೆಟ್ಟಿನ ಮುಂದೆ ಕೂತೆ. ಅಂದು ಗಾಳಿ ಇತ್ತು. ದೇವಗಡದ ಆಚೆ ನಾನು ತೊಂಬತ್ನಾಲ್ಕರಲ್ಲಿ ಶೆಟ್ಲಿ ಸಿಗಡಿ ಹೊಡೆದ ಜಾಗವಿದೆ. ರಾಶಿ ಶೆಟ್ಲಿ, ಬಲೆ ಎತ್ತಲು ಆಗಿರಲಿಲ್ಲ. ಅಲ್ಲಿಗೆ ಹೋಗು ಎಂದು ರೋಷನನಿಗೆ ಹೇಳತೊಡಗಿದೆ. ಹೇಳುತ್ತ ಹೇಳುತ್ತ ಹಳೆಯದೆಲ್ಲ ನೆನಪಾಯಿತು. ಅವತ್ತು ಬೋಟಿನಲ್ಲಿ ಯಾರಿದ್ದರು, ಹೇಗೆ ಎಳೆದೆವು, ದಡಕ್ಕೆ ಬಂದಾಗ ಊರೆಲ್ಲ ಹೇಗೆ ನಿಂತಿತ್ತು. ನಡುವೆ ಉಸಿರು ತೆಗೆಯಲು ಬಟನ್ ಬಿಟ್ಟಾಗ ಹಸಿರು ದೀಪ ಹತ್ತಿತು. ಮಗ ಹೂಂ ಎನ್ನುತ್ತಿದ್ದಾನೆ ಎಂದುಕೊಂಡೆ. ಖುಷಿಯಾಗಿ ಮತ್ತೆ ಒತ್ತಿದೆ. ಇಪ್ಪತ್ತು ನಿಮಿಷ ಮಾತಾಡಿದೆ ಗುರು.

ಜೆಟ್ಟಿಯವರಿಗೆ ಹೇಗೋ ಸುದ್ದಿ ತಿಳಿದು ಬೋಟುಗಳು ಹೋದವು. ನನಗೆ ಗೊತ್ತಾದದ್ದು ಕತ್ತಲಾದ ಮೇಲೆ, ಜನ ಅಂಗಳಕ್ಕೆ ಬಂದಾಗ.

ಹನ್ನೊಂದನೇ ದಿನ ಕಾಶಿ ತಾಂಡೇಲ ಬಂದು ಒಬ್ಬನೇ ನನ್ನೆದುರು ಕೂತ. ಕಾಗದದ ಮೇಲೆ ಬರೆದ. ನನ್ನ ಕಿವಿಯ ವಿಷಯ ಅವನಿಗೆ ಬಾಗಿಲಲ್ಲಿ ನಿಂತ ಆ ದಿನವೇ ತಿಳಿದಿತ್ತಂತೆ. ಆ ಹೊತ್ತು ನಮ್ಮ ಚಾನಲ್ಲಿನಲ್ಲಿ ಇದ್ದದ್ದು ಎರಡೇ ಬೋಟು, ರೋಷನನದು ಮತ್ತು ಅವನದು. ಅವನು ದೂರ ಇದ್ದ. ಅವನಿಗೆ ಕೇಳಿದ್ದು ನನ್ನ ಮಾತು ಮಾತ್ರ. ಒಬ್ಬ ಬಟನ್ ಒತ್ತಿ ಮಾತಾಡುವಾಗ ಆ ಚಾನಲ್ಲಿನಲ್ಲಿ ಬೇರೆಯವನ ಮಾತು ಹಾಯುವುದಿಲ್ಲ. ದಡದ ಸೆಟ್ಟಿನ ಜೋರು ಬೋಟಿನದಕ್ಕಿಂತ ಹೆಚ್ಚು. ಇದನ್ನು ನನಗೆ ಹೇಳಿಕೊಡಬೇಕೇ, ಮೂವತ್ತು ವರ್ಷ ಅದನ್ನೇ ಹಿಡಿದುಕೊಂಡಿದ್ದವನಿಗೆ. ನಡುವೆ ಒಂದು ಸಲ ‘ನೀರು’ ಎಂಬ ಮಾತಿನ ತುಂಡು ಕೇಳಿತಂತೆ, ಅಷ್ಟರಲ್ಲಿ ಮತ್ತೆ ನಾನು ಶುರು ಮಾಡಿದೆ.

ಉಳಿದದ್ದನ್ನು ಬದುಕಿಬಂದ ಖಲಾಶಿ ಸುಕ್ರ ಅವನಿಗೆ ಹೇಳಿದ್ದಾನೆ. ಹಿಂದುಗಡೆ ಹಲಗೆ ಬಿಟ್ಟು ನೀರು ನುಗ್ಗಿತು. ರೋಷನ ಮೂವರಿಗೂ ತೇಲುವ ಬೋಯಾ ಕೊಟ್ಟು ಹಾರಲು ಹೇಳಿದ. ತಾನು ಕೇಬಿನ್ನಿನೊಳಗೆ ಮೈಕು ಹಿಡಿದುಕೊಂಡು ನಿಂತ. ‘ಅಪ್ಪ ಒಂದು ಸಲ ಬಟನ್ ಬಿಡಲಿ, ಹೇಳಿ ಬಂದೆ’ ಅಂದನಂತೆ. ಆಮೇಲೆ ಬೋಟು ಒಮ್ಮೆಲೇ ಮಗುಚಿತು.

ಊರಿನವರ ಕತೆ ಬೇರೆಯೇ ಇದೆ. ಮಗ ಮುಳುಗುವಾಗ ಅಪ್ಪ ಸೆಟ್ಟು ಬಿಟ್ಟು ಏಳದೆ ಇಪ್ಪತ್ತು ನಿಮಿಷ ಅವನನ್ನು ಕೂಗುತ್ತಲೇ ಇದ್ದ ಎಂದು ಎಲ್ಲರೂ ಹೇಳುತ್ತಾರಂತೆ. ಲತಾಳ ಬಾಯಿಂದಲೇ ಬಂದ ಮಾತಂತೆ. ಕಾಶಿ ತನ್ನ ಬಾಯಿ ಬಿಡುವುದಿಲ್ಲ ಎಂದು ಬರೆದು ಆ ಕಾಗದ ಹರಿದ. ಮೊನ್ನೆ ಸಂಘದವರು ಬಂದು ನನಗೆ ಶಾಲು ಹೊದಿಸಿದರು. ಕೈ ಮುಗಿದರು. ನಾನು ಹೊದ್ದುಕೊಂಡೆ ಗುರು. ಕಿತ್ತು ಬಿಸಾಡಲಿಲ್ಲ.

ರಾಮಾ


ಅಂಕೋಲಾ
೧೬ ನವೆಂಬರ್ ೨೦೨೪

ರಾಮಣ್ಣನವರಿಗೆ,

ನಿಮ್ಮ ಕಾಗದ ನಾಲ್ಕು ಸಲ ಓದಿದೆ. ನೀವು ನನ್ನನ್ನು ಒಂದು ಮಾತೂ ಬೈದಿಲ್ಲ. ಪಾರ್ಸೆಲ್ ಹೇಳಿದ ದಿನಕ್ಕೆ ಬಂತು ಎಂದು ಬರೆದಿದ್ದೀರಿ.

ನೀವು ನಿಮ್ಮದನ್ನು ಹೇಳಿದಿರಿ, ನಾನು ನನ್ನದನ್ನು ಹೇಳುತ್ತೇನೆ. ಸೆಪ್ಟೆಂಬರಿನಲ್ಲಿ ನೀವು ಎರಡು ಬ್ಯಾಟರಿ ಜೋಡಿಸಲೇ ಎಂದು ಕೇಳಿದ್ದಿರಿ. ಚಾರ್ಜರ್ ಕಿತ್ತು ದೂರ ಇಟ್ಟು ಎರಡು ಬ್ಯಾಟರಿಯಲ್ಲಿ ನಡೆಸಿದ್ದರೆ ಅದಕ್ಕಿಂತ ಸುರಕ್ಷಿತವಾದದ್ದು ಬೇರೊಂದಿಲ್ಲ. ಗೋಡೆಗೂ ಕಿವಿಗೂ ಸಂಬಂಧವೇ ಇರುವುದಿಲ್ಲ. ಇದು ನನಗೆ ಈಗ ಹೊಳೆದದ್ದಲ್ಲ. ಆವತ್ತೂ ಗೊತ್ತಿತ್ತು. ಒಂದು ಫ್ಯೂಸ್ ಹಾಕಿ, ಚಾರ್ಜರ್ ಕೀಳದೆ ಹೆಡ್‌ಫೋನ್ ಮುಟ್ಟಬೇಡಿ ಎಂದು ಎರಡು ಸಾಲು ಬರೆದಿದ್ದರೆ ಇಪ್ಪತ್ತೈದನೇ ತಾರೀಖಿನಿಂದ ನಿಮಗೆ ಕೇಳುತ್ತಿತ್ತು.

ಬರೆಯಲಿಲ್ಲ. ನೀವು ಮರೆಯುತ್ತೀರಿ ಎಂದೆ. ನಿಜ ಅದಲ್ಲ. ಮೂವತ್ತು ವರ್ಷ ಬೋಟು ನಡೆಸಿದವರಿಗೆ ಒಂದು ಪ್ಲಗ್ಗು ಕೀಳುವುದು ನೆನಪಿರುವುದಿಲ್ಲವೇ? ನನ್ನ ಕೈಯಿಂದ ಇನ್ನೊಂದು ಸಾವು ಆಗಬಾರದು, ನನಗೆ ಬೇಕಿದ್ದದ್ದು ಅಷ್ಟೇ. ನಿಮಗೆ ಕೇಳಿಸಬೇಕು ಎಂಬುದು ನನಗೆ ಅಷ್ಟು ಮುಖ್ಯವಾಗಿರಲಿಲ್ಲ. ಮೂರು ದಿನ ನೀರು ಚೆಲ್ಲಿಕೊಂಡು ಕೂತಾಗ ನಾನು ಯೋಚಿಸುತ್ತಿದ್ದದ್ದು ರೂಪೇಶನನ್ನು, ನಿಮ್ಮನ್ನಲ್ಲ. ಹದಿನಾರರ ಸಂಜೆ ಆರು ಗಂಟೆಗೆ ಆ ಡಬ್ಬಿ ಸರಿಯಾಗಿ ಕೆಲಸ ಮಾಡುತ್ತ ನನ್ನ ಕಿವಿಯಲ್ಲಿತ್ತು, ರಾಮಣ್ಣ. ರೇಡಿಯೋ ಹಾಕಿಕೊಂಡು ಕೇಳುತ್ತಿದ್ದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ ಎಂಬ ಭಯ.

ಗುರುಪ್ರಸಾದ


ದೇವಬಾಗ
೨೫ ನವೆಂಬರ್ ೨೦೨೪

ಗುರು,

ನಿನ್ನ ಕಾಗದ ಓದಿ ಒಲೆಗೆ ಹಾಕಿದೆ. ಸಿಟ್ಟು ಬಂತು. ಎರಡು ದಿನ ನಿನ್ನನ್ನು ಬೈದೆ, ಯಾರಿಗೂ ಕೇಳದ ಹಾಗೆ. ಆಮೇಲೆ ಅದೂ ಸಾಕಾಯಿತು. ಬಟನ್ ಒತ್ತಿದ ಬೆರಳು ನನ್ನದು.

ಈಗ ನನಗಿರುವುದು ಒಂದೇ ಕೆಲಸ. ಲತಾಳಿಗೆ ಹೇಳಬೇಕು. ಊರಿಗೆ ಆಮೇಲೆ ನೋಡೋಣ. ಮಗ ಅಪ್ಪನ ದನಿ ಕೇಳುತ್ತ ಹೋದ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಾಳೆ, ಊರವರಿಗೂ ಅದನ್ನೇ ಹೇಳಿದ್ದಾಳೆ. ಅದನ್ನು ಕಿತ್ತುಕೊಳ್ಳಲು ನನಗೆ ಹೆದರಿಕೆ. ಪೇಟೆಗೆ ಹೋಗುವುದನ್ನು ಬಿಟ್ಟಿದ್ದಾಳೆ. ಸಂಜೆಯಾದರೆ ನನ್ನೆದುರು ಬಂದು ಕೂತು ಏನೇನೋ ಮಾತಾಡುತ್ತಾಳೆ. ಮೊದಲು ಇಷ್ಟು ಮಾತಾಡುತ್ತಿರಲಿಲ್ಲ. ಹುಡುಗನ ಸಣ್ಣಂದಿನ ಕತೆ ಇರಬೇಕು. ನಾನು ಹೂಂ ಹೂಂ ಎಂದು ತಲೆ ಆಡಿಸುತ್ತೇನೆ. ಹೀಗೆ ಒಳ್ಳೆಯ ಮುಖ ಮಾಡಿಕೊಂಡು ಅವಳೆದುರು ಕೂರಲು ಇನ್ನು ನನ್ನಿಂದಾಗದು.

ಹೇಳುವುದು ಕಷ್ಟವಲ್ಲ, ನನಗೆ ಬಾಯಿ ಇದೆ. ಹೇಳಿದ ಮೇಲೆ ಅವಳು ಏನು ಅನ್ನುತ್ತಾಳೆ ಎಂಬುದು ನನಗೆ ಕೇಳಬೇಕು. ಅವಳಿಗೆ ಬರೆಯಲು ಬರುವುದಿಲ್ಲ. ಬೇರೆಯವರನ್ನು ನಡುವೆ ಕೂರಿಸಿಕೊಂಡು ಕೇಳುವ ಮಾತಲ್ಲ ಅದು. ಬೈದರೆ ಬೈಗಳು ಕೇಳಬೇಕು. ಅತ್ತರೆ ಅಳುವುದು ಕೇಳಬೇಕು. ಮತ್ತೊಮ್ಮೆ ದೀಪ ನೋಡಿ ಹೂಂ ಎನ್ನಲಾರೆ.

ನಿನ್ನ ಪೆಟ್ಟಿಗೆಗೆ ಒಂದು ಮೈಕು ಹಚ್ಚಲು ಬರುತ್ತದೆಯೇ? ಅವಳು ಅದರಲ್ಲಿ ಮಾತಾಡಿದರೆ ನನ್ನ ಕಿವಿಗೆ ಬರಬೇಕು. ಬರುತ್ತದೆಂದಾದರೆ ಕಳಿಸು. ಈ ಸಲ ಪರೀಕ್ಷೆ ಮಾಡುತ್ತ ಕೂರಬೇಡ.

ರಾಮಾ


ಅಂಕೋಲಾ
೨೭ ನವೆಂಬರ್ ೨೦೨೪

ರಾಮಣ್ಣನವರಿಗೆ,

ಮೈಕು ಈ ಕಾಗದದ ಜೊತೆಗೇ ಇದೆ. ನಿಮ್ಮ ಕಾಗದ ಬೆಳಿಗ್ಗೆ ಹ‌ನ್ನೊಂದಕ್ಕೆ ಬಂತು, ಈಗ ಎರಡು ಗಂಟೆ. ಸೆಟ್ಟಿನ ವಾಯರ್ ಹಚ್ಚುವ ತೂತಿಗೇ ಇದನ್ನು ಹಚ್ಚಿ. ಎರಡು ಬ್ಯಾಟರಿಯಲ್ಲಿ ನಡೆಸಿ. ಚಾರ್ಜರ್ ಕೀಳಿ. ನಾನು ಕಳಿಸಿದ ಡಬ್ಬಿಯೂ ಸರಿಯಾಗಿಯೇ ಇದೆ, ಆದರೆ ಅದನ್ನು ನೀವು ಮುಟ್ಟದಿದ್ದರೆ ನನಗೆ ಒಳ್ಳೆಯದು.

ಲತಕ್ಕ ಮೈಕನ್ನು ಬಾಯಿಗೆ ತೀರಾ ಹತ್ತಿರ ಹಿಡಿಯಬಾರದು. ಒಂದು ಗೇಣು ಸಾಕು, ಮೆಲ್ಲಗೆ ಮಾತಾಡಿದರೂ ಕೇಳುತ್ತದೆ.

ಗುರುಪ್ರಸಾದ


ದೇವಬಾಗ
೯ ಡಿಸೆಂಬರ್ ೨೦೨೪

ಗುರು,

ಹೇಳಿದೆ.

ಮೊನ್ನೆ ಸಂಜೆ ಬಾಗಿಲು ಹಾಕಿ ಅವಳನ್ನು ಎದುರಿಗೆ ಕೂರಿಸಿ ಮೈಕು ಕೈಗೆ ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡೆ. ನಿನಗೆ ಬರೆದದ್ದನ್ನೆಲ್ಲ ಮೊದಲಿಂದ ಕೊನೆತನಕ ಹೇಳಿದೆ. ಶೆಟ್ಲಿಯ ಕತೆ, ಹಸಿರು ದೀಪ, ಸುಕ್ರ ಹೇಳಿದ್ದು. ಅವಳು ಅಳಲಿಲ್ಲ. ಮೈಕನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಇದರಲ್ಲಿ ಮಾತಾಡಿದರೆ ನಿಮಗೆ ಕೇಳ್ತದಾ ಎಂದಳು. ಹೌದು ಎಂದೆ. ಒಂದು ವರ್ಷದ ಮೇಲಾಗಿತ್ತು ಅವಳ ದನಿ ಕೇಳಿ. ಬಹಳ ಮುದುಕಿಯಾಗಿದೆ ದನಿ.

‘ಅವತ್ತು ನಾ ಪೇಟೆಗೆ ಹೋಗ್ಲಿಲ್ಲ, ಮೈ ಬಿಸಿ ಇತ್ತು. ಒಳಗೆ ಮಲಗಿದ್ದೆ’ ಅಂದಳು. ‘ಅವ ಎರಡು ಸಲ ಕರೆದ. ಮೊದಲನೇ ಸಲ, ಅಪ್ಪಾ ಬೋಟಿಗೆ ನೀರು ಬಂತು ಅಂದ. ನಾ ಓಡಿಬಂದು ನಿಮ್ಮ ಕೈ ಜಗ್ಗಿದೆ. ನೀವು ಮಾತಿನ ನಡುವೆ ಬಂದೆ ಅಂತ ನನ್ನ ದೂಡಿದ್ರಿ. ಎರಡನೇ ಸಲ, ಅಪ್ಪಾ ಸಾಕು ಬಿಡು ಅಂದ. ಅದು ಕೇಳಿ ನಾ ಜೆಟ್ಟಿಗೆ ಓಡಿದೆ.’

ದೂಡಿದ್ದು ನನಗೆ ಆಗ ನೆನಪಾಯಿತು. ಚಹಾಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡಿದ್ದೆ.

‘ಊರಿನವರಿಗೆ ಹಾಂಗೆ ಯಾಕೆ ಹೇಳಿದೆ’ ಎಂದು ಕೇಳಿದೆ. ‘ಮತ್ತೆಂತ ಹೇಳಲಿ, ಅಪ್ಪನೇ ಮಗನ ಬಾಯಿ ಕಟ್ಟಿದ ಅಂತ ಹೇಳಲಾ’ ಎಂದಳು. ‘ನನಗಾದರೂ ಹೇಳಬಹುದಿತ್ತಲ್ಲ, ಇಷ್ಟು ದಿನ ಯಾಕೆ ಸುಮ್ಮನಿದ್ದೆ’ ಎಂದೆ.

ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು. ‘ಸುಮ್ಮನಿದ್ನಾ ನಾನು’ ಅಂದಳು. ‘ದಿನಾ ಹೇಳಿದ್ದೇನೆ. ದಿನಾ ಸಂಜೆ ಇಲ್ಲೇ ನಿಮ್ಮ ಎದುರಿಗೆ ಕೂತು, ನೀವೇ ನನ್ನ ಮಗನ್ನ ಕೊಂದ್ರಿ ಅಂತ ಹೇಳಿದ್ದೇನೆ. ನೀವು ಹೂಂ ಹೂಂ ಅಂತ ತಲೆ ಆಡಿಸ್ತಿದ್ರಿ.’

ನಾನು ಹೆಡ್‌ಫೋನ್ ತೆಗೆಯಲಿಲ್ಲ. ಅವಳು ಮೈಕು ಕೆಳಗಿಡಲಿಲ್ಲ. ಇಷ್ಟು ದಿನ ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ಹೇಳಲು ಶುರು ಮಾಡಿದಳು.

ನಿನ್ನೆ ಸಂಘಕ್ಕೆ ಹೋಗಿ ನಿಜ ಹೇಳಿ ಸೆಟ್ಟು, ಶಾಲು ಎರಡನ್ನೂ ಒಪ್ಪಿಸಿ ಬಂದೆ. ನಿನ್ನ ಪೆಟ್ಟಿಗೆಯನ್ನು ವಾಪಸು ಕಳಿಸುವುದಿಲ್ಲ, ಅದು ಇಲ್ಲಿ ಬೇಕು. ಅವಳು ಹೇಳುವುದು ಇನ್ನೂ ಮುಗಿದಿಲ್ಲ.

ರಾಮಾ